ಡಿಸ್ಚಾರ್ಜ್ ಬುಕ್, ಪಿಪಿಒದಲ್ಲಿ ಹೆಸರು ತಪ್ಪಿದ್ದರೆ: ಮಾಜಿ ಸೈನಿಕರ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಮಿಲಿಟರಿ ದಾಖಲೆಗಳಲ್ಲಿ, ಅಂದರೆ ಸೇವೆ ಮುಗಿದಾಗ ಕೊಡುವ ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ (ಪಿಪಿಒ) ಇಂಥವುಗಳಲ್ಲಿ, ಹೆಸರು ತಪ್ಪಾಗಿರುವ ಬಗ್ಗೆ ಇವತ್ತು ಕೇಳಬಹುದು. ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದು ನಿವೃತ್ತರಾದ ಸುಬೇದಾರ್ ಸಾಹೇಬರು ಉತ್ತರಿಸುತ್ತಾರೆ. ಪಿಪಿಒ ನಂಬರ್, ಆಧಾರ್ ನಂಬರ್ ಯಾರೂ ಇಲ್ಲಿ ಹಾಕಬೇಡಿ.

ಹಾಸನದ ಸದಸ್ಯ: ಸಾಹೇಬ್ರೇ, ಡಿಸ್ಚಾರ್ಜ್ ಬುಕ್‌ನಲ್ಲಿ ನನ್ನ ಹೆಸರು ಟಿಮ್ಮಯ್ಯ ಅಂತಿದೆ. ಇಂಗ್ಲಿಷಿನಲ್ಲಿ ಟಿ ಆದಮೇಲೆ ಎಚ್ ಬಿಟ್ಟುಹೋಗಿದೆ. ಆಧಾರ್, ಪ್ಯಾನ್ ಎರಡರಲ್ಲೂ ತಿಮ್ಮಯ್ಯ ಅಂತ ಸರಿಯಾಗಿದೆ. ಮಿಲಿಟರಿ ರೆಕಾರ್ಡ್ ತಿದ್ದಿಸೋದು ಹೇಗೆ?

ಸುಬೇದಾರ್: ತಪ್ಪು ಯಾವ ಕಾಗದದಲ್ಲಿ ಶುರುವಾಯಿತು ಅಂತ ಮೊದಲು ನೋಡಬೇಕು. ಮೂಲ ದಾಖಲೆ ಶೀಟ್ ರೋಲ್, ಅಂದರೆ ಭರ್ತಿಯಾದಾಗ ತೆರೆಯುವ ಸೇವಾ ಹಾಳೆ. ಅದರಲ್ಲಿ ಸರಿಯಿದ್ದು ಡಿಸ್ಚಾರ್ಜ್ ಬುಕ್ ಬರೆಯುವಾಗ ಅಕ್ಷರ ಬಿಟ್ಟಿದ್ದರೆ ಅದು ಕಚೇರಿಯ ತಪ್ಪು, ಅರ್ಜಿ ಕೊಟ್ಟರೆ ತಿದ್ದುತ್ತಾರೆ. ಶೀಟ್ ರೋಲ್‌ನಲ್ಲೇ ಹಾಗಿದ್ದರೆ ಇಡೀ ಸರ್ವಿಸ್ ಆ ಹೆಸರಲ್ಲೇ ನಡೆದಿದೆ, ಮನೆಗೆ ಬಂದಮೇಲೆ ಸ್ವಂತ ಹೆಸರು ಬದಲಾಯಿಸಿಕೊಡುವುದು ಬಹಳ ಕಷ್ಟ. ಆಗ ಆಧಾರ್, ಪ್ಯಾನ್, ಪಾಸ್‌ಬುಕ್ ಮೂರನ್ನೂ ಡಿಸ್ಚಾರ್ಜ್ ಬುಕ್‌ಗೆ ಹೊಂದಿಸಿಕೊಳ್ಳುವುದೇ ಹತ್ತಿರದ ದಾರಿ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಸೆಂಟರ್‌ನ ಹುಡುಗ ಟೈಪ್ ಮಾಡಿದ್ದನ್ನು ಒಂದೊಂದೇ ಅಕ್ಷರ ಓದಿ ಆಮೇಲೆ ಒಪ್ಪಿಗೆ ಕೊಡಿ. ಶೀಟ್ ರೋಲ್ ನಕಲು ಕೈಯಲ್ಲಿ ಇಲ್ಲದಿದ್ದರೆ ರೆಕಾರ್ಡ್ ಆಫೀಸಿಗೆ ಆರ್‌ಟಿಐ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು ಇದೆ.

ಮೈಸೂರಿನ ಸದಸ್ಯ: ಇದು ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ: "20 ರೂಪಾಯಿ ಛಾಪಾ ಕಾಗದದಲ್ಲಿ ಅಫಿಡವಿಟ್ ಮಾಡಿ ನೇರವಾಗಿ ಪ್ರಯಾಗ್‌ರಾಜ್‌ಗೆ ಕಳಿಸಿ, 15 ದಿನದಲ್ಲಿ ಹೆಸರು ಸರಿಯಾಗುತ್ತದೆ. ಮಾಜಿ ಸೈನಿಕರೆಲ್ಲರಿಗೂ ಶೇರ್ ಮಾಡಿ."

ಸುಬೇದಾರ್: ಶೇರ್ ಮಾಡಬೇಡಿ. ಪ್ರಯಾಗ್‌ರಾಜ್‌ನ ಪಿಸಿಡಿಎ ಪಿಂಚಣಿ ಮಂಜೂರು ಮಾಡುವ ಕಚೇರಿ. ಸೇವಾ ದಾಖಲೆ ಇರುವುದು ರೆಕಾರ್ಡ್ ಆಫೀಸಿನಲ್ಲಿ. ಅಲ್ಲಿ ತಿದ್ದುಪಡಿ ಆಗದೆ ಪಿಪಿಒ ತಿದ್ದುಪಡಿ ಆಗುವುದಿಲ್ಲ. ಮರಾಠಾ ಲೈಟ್ ಇನ್‌ಫೆಂಟ್ರಿಯವರು ಬೆಳಗಾವಿಗೆ, ಎಂಇಜಿಯವರು (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿಗೆ, ಆರ್ಟಿಲರಿಯವರು ನಾಸಿಕ್ ರೋಡ್ ಕ್ಯಾಂಪಿಗೆ, ಸಿಗ್ನಲ್ಸ್‌ನವರು ಜಬಲ್‌ಪುರಕ್ಕೆ, ಇಎಂಇಯವರು (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದಿಗೆ, ಮದ್ರಾಸ್ ರೆಜಿಮೆಂಟಿನವರು ವೆಲ್ಲಿಂಗ್ಟನ್‌ಗೆ ಬರೆಯಬೇಕು.

ಗದಗದ ಸದಸ್ಯ: ಸರ್, ನಮ್ಮ ಅಪ್ಪಾರು ಆರ್ಟಿಲರಿಯೊಳಗ ಹವಾಲ್ದಾರ್ ಆಗಿ ರಿಟೈರ್ ಆಗ್ಯಾರ. ವಯಸ್ಸು 83, ಈಗ ಹಾಸಿಗಿ ಹಿಡದಾರ, ಸಹಿ ಮಾಡಾಕ ಕೈ ನಡುಗತೈತಿ. ಪಿಪಿಒದಾಗ ಅವ್ವನ ಹೆಸರು ಪಾರ್ವತಿ ಅಂತ ಐತಿ, ಆಧಾರದಾಗ ಪಾರ್ವತೆವ್ವ. ಅವ್ವನ ಹುಟ್ಟಿದ ತಾರೀಖು ರೆಕಾರ್ಡಿನ್ಯಾಗ ಇಲ್ಲೇ ಇಲ್ಲ. ಆಧಾರ ಬದಲ್ ಮಾಡಿಸಿದ್ರ ಸಾಕೇನ್ರಿ?

ಮೈಸೂರಿನ ಸದಸ್ಯ: ಆಧಾರ್ ಅಪ್‌ಡೇಟ್ ಮಾಡಿ ಸೇನಾ ಪಿಂಚಣಿಯ ಆನ್‌ಲೈನ್ ಪೋರ್ಟಲ್ ಸ್ಪರ್ಶ್‌ನಲ್ಲಿ ಅಪ್‌ಲೋಡ್ ಮಾಡಿದರೆ ತಾನಾಗೇ ಬದಲಾಗುತ್ತೆ.

ಸುಬೇದಾರ್: ತಾನಾಗೇ ಏನೂ ಬದಲಾಗಲ್ಲ. ಗದಗದವರೇ, ನಿಮ್ಮದನ್ನು ತಡಮಾಡಬೇಡಿ, ಈ ವಾರವೇ ಶುರುಮಾಡಿ. ತಂದೆಯವರು ಬದುಕಿರುವಾಗ "ಇವಳು ನನ್ನ ಹೆಂಡತಿ, ಎರಡೂ ಹೆಸರು ಇವಳದೇ" ಎಂದು ಅವರೇ ಬರೆದುಕೊಟ್ಟರೆ ಅದಕ್ಕಿಂತ ದೊಡ್ಡ ಪುರಾವೆ ಇಲ್ಲ. ಅವರು ಹೋದಮೇಲೆ ತಾಯಿಯವರು ತಾನೇ ಆ ಪಾರ್ವತಿ ಎಂದು ಸಾಬೀತು ಮಾಡಬೇಕು. ಆಗ ನಾಡಕಚೇರಿಯ ವಂಶವೃಕ್ಷ, ಮತ್ತೆ ಅಫಿಡವಿಟ್, ಮತ್ತೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ, ಅಷ್ಟು ದಿನವೂ ಕುಟುಂಬ ಪಿಂಚಣಿ ನಿಂತಿರುತ್ತದೆ.

ನಮಗೆ ಪಾರ್ವತಿಯೂ ಪಾರ್ವತೆವ್ವನೂ ಒಂದೇ. ನಾಸಿಕ್‌ನಲ್ಲಿ ಫೈಲ್ ನೋಡುವವರಿಗೆ ಅವರು ಇಬ್ಬರು ಹೆಂಗಸರು. ಮೊದಲ ಹೆಂಡತಿ ತೀರಿಕೊಂಡು ಎರಡನೇ ಮದುವೆ ಆಗಿರಬಹುದೇ ಅಂತ ಅನುಮಾನ ಪಡುವುದು ಅವರ ಕೆಲಸ. ಆ ಅನುಮಾನಕ್ಕೆ ಜಾಗ ಇಲ್ಲದ ಹಾಗೆ ಕಾಗದ ಇರಬೇಕು.

ಮೊದಲು ಡಿಸ್ಚಾರ್ಜ್ ಬುಕ್‌ನ ಕುಟುಂಬದ ಪುಟ ತೆಗೆದು ಅಲ್ಲಿ ಯಾವ ಹೆಸರಿದೆ ನೋಡಿ. ಅಲ್ಲೂ ಪಾರ್ವತಿ ಅಂತಲೇ ಇದ್ದರೆ ಪಿಪಿಒ ದಾಖಲೆಯ ಪ್ರಕಾರವೇ ಬಂದಿದೆ ಎಂದರ್ಥ. ಮಕ್ಕಳ ಹೆಸರೂ ಅದೇ ಪುಟದಲ್ಲಿದ್ದರೆ ಒಳ್ಳೆಯದು, ನಿಮ್ಮ ಶಾಲೆಯ ದಾಖಲೆಯಲ್ಲಿ ತಾಯಿಯ ಹೆಸರಿದ್ದರೆ ಎರಡನ್ನೂ ಜೋಡಿಸಬಹುದು.

ಅರ್ಜಿ ತಂದೆಯವರ ಹೆಸರಿನಲ್ಲಿ, ರೆಕಾರ್ಡ್ ಆಫೀಸಿನ ಆಫೀಸರ್ ಇನ್ ಚಾರ್ಜ್ ಅವರಿಗೆ. ಆರ್ಮಿ ನಂಬರ್, ರ್‍ಯಾಂಕ್, ಭರ್ತಿಯಾದ ಮತ್ತು ಡಿಸ್ಚಾರ್ಜ್ ಆದ ದಿನಾಂಕ, ಹಳೆಯ ಪಿಪಿಒ ನಂಬರ್, ಸ್ಪರ್ಶ್ ಪಿಪಿಒ ನಂಬರ್ ಎಲ್ಲವೂ ಮೊದಲ ಹಾಳೆಯಲ್ಲೇ ಇರಲಿ. ಜೊತೆಗೆ ಡಿಸ್ಚಾರ್ಜ್ ಬುಕ್‌ನ ಎಲ್ಲ ಪುಟಗಳು, ಪಿಪಿಒ, ಇಬ್ಬರ ಆಧಾರ್ ಮತ್ತು ಪ್ಯಾನ್, ಜಂಟಿ ಖಾತೆಯ ಪಾಸ್‌ಬುಕ್, ಜಂಟಿ ಫೋಟೊ, ಜಂಟಿ ಅಫಿಡವಿಟ್. ಅರ್ಜಿಗೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೇಲುರುಜು ಹಾಕಿಸಿ.

ಹೆಚ್ಚಿನ ಅರ್ಜಿ ವಾಪಸ್ ಬರುವುದು ಅಫಿಡವಿಟ್‌ನಿಂದ. ಬರೀ ಹೊಸ ಹೆಸರು ಬರೆದು "ಇದೇ ಸರಿ" ಅಂದರೆ ಸಾಲದು. ದಾಖಲೆಯಲ್ಲಿರುವ ಹೆಸರು, ಬೇಕಾದ ಹೆಸರು ಎರಡನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದು, ಯಾವ ಕಾಗದದಲ್ಲಿ ಯಾವುದು ಇದೆ ಎಂದು ಹೇಳಿ, ಇಬ್ಬರೂ ಒಬ್ಬರೇ ಎಂದು ಘೋಷಿಸಬೇಕು. ಟೈಪಿಸ್ಟ್ ಅದರಲ್ಲೇ ಮೂರನೇ ಕಾಗುಣಿತ ಹೊಡೆದರೆ ಎಲ್ಲವೂ ಮೊದಲಿನಿಂದ. ಕನ್ನಡದ ಟಿಸಿ, ರೇಷನ್ ಕಾರ್ಡ್ ಇಟ್ಟರೆ ದೃಢೀಕರಿಸಿದ ಇಂಗ್ಲಿಷ್ ಅನುವಾದ ಲಗತ್ತಿಸಿ, ನಾಸಿಕ್‌ನಲ್ಲಿ ಕನ್ನಡ ಓದುವವರು ಸಿಗುತ್ತಾರೆಂದು ನಂಬಿ ಕೂರಬೇಡಿ.

ಹುಟ್ಟಿದ ದಿನಾಂಕವನ್ನೂ ಇದೇ ಅರ್ಜಿಯಲ್ಲಿ ಕೇಳಿ. ಕುಟುಂಬ ಪಿಂಚಣಿದಾರರಿಗೆ 80 ತುಂಬಿದರೆ ಶೇ. 20, 85ಕ್ಕೆ 30, 90ಕ್ಕೆ 40, 95ಕ್ಕೆ 50, 100ಕ್ಕೆ ಶೇ. 100 ಹೆಚ್ಚುವರಿ ಪಿಂಚಣಿ ಇದೆ. ದಿನಾಂಕ ದಾಖಲಾಗದಿದ್ದರೆ ಅದು ಶುರುವಾಗುವುದಿಲ್ಲ.

ರೆಕಾರ್ಡ್ ಆಫೀಸ್ ಒಪ್ಪಿದರೆ ಪಾರ್ಟ್ ಟೂ ಆರ್ಡರ್, ಅಂದರೆ ಸೇವಾ ದಾಖಲೆಯಲ್ಲಿ ಬದಲಾವಣೆ ಸೇರಿಸುವ ಆದೇಶ ಹೊರಡಿಸುತ್ತದೆ. ಅದರ ನಕಲು ಕೇಳಿ ಇಟ್ಟುಕೊಳ್ಳಿ. ಆಮೇಲೆ ತಿದ್ದುಪಡಿ ಪಿಪಿಒ ಬರಬೇಕು, ಸ್ಪರ್ಶ್‌ನಲ್ಲಿ ಕುಟುಂಬದ ವಿವರ ಬದಲಾಗಿದೆಯೇ ನೋಡಬೇಕು. ಪಾರ್ಟ್ ಟೂ ಆರ್ಡರ್ ಆಯಿತು ಅಂತ ಅಲ್ಲಿಗೇ ಬಿಟ್ಟರೆ ಪಿಪಿಒದಲ್ಲಿ ಹಳೆಯ ಹೆಸರೇ ಉಳಿಯುತ್ತದೆ.

ಬೆಳಗಾವಿಯ ಸದಸ್ಯ: ಅಫಿಡವಿಟ್ ನೋಟರಿ ಮುಂದೆ ಆದರೆ ಸಾಕಲ್ಲವೇ?

ಸುಬೇದಾರ್: ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿ.

ಮೈಸೂರಿನ ಸದಸ್ಯ: ನಮ್ಮ ಭಾವನವರದು ನೋಟರಿಯಲ್ಲೇ ಪಾಸ್ ಆಗಿದೆ. ಸುಮ್ಮನೆ ಕೋರ್ಟಿಗೆ ಯಾಕೆ ಅಲೆಸುತ್ತೀರಿ?

ಬೆಳಗಾವಿಯ ಸದಸ್ಯ: ಒಬ್ಬರದು ಪಾಸಾದರೆ ಅದೇ ರೂಲ್ ಆಗುತ್ತಾ? ವಾಪಸ್ ಬಂದರೆ ನೀವು ಜವಾಬ್ದಾರಿ ತಗೋತೀರಾ?

ಮೈಸೂರಿನ ಸದಸ್ಯ: ಜವಾಬ್ದಾರಿ ಸೈನಿಕ ಕಚೇರಿಯವರದು. ಹೋದಾಗಲೆಲ್ಲ "ನಾಳೆ ಬನ್ನಿ".

ಬೆಳಗಾವಿಯ ಸದಸ್ಯ: ಅರ್ಧ ಕಾಗದ ತಗೊಂಡು ಹೋದರೆ ನಾಳೆ ಬನ್ನಿ ಅಂತಲೇ ಹೇಳೋದು.

ಅಡ್ಮಿನ್: ಇಬ್ಬರೂ ದಯವಿಟ್ಟು ನಿಲ್ಲಿಸಿ.

 

ಮಡಿಕೇರಿಯ ಸದಸ್ಯ: ಗಜೆಟ್ ಬೇಕೇ ಬೇಕು ಅಂತ ಒಬ್ಬ ಏಜೆಂಟ್ 8 ಸಾವಿರ ಕೇಳುತ್ತಿದ್ದಾರೆ. ಪತ್ನಿಯ ಹೆಸರಿನಲ್ಲಿ ಒಂದು ಪಿ ಕಡಿಮೆ, ಅಷ್ಟೇ. ಸ್ಪರ್ಶ್ ಒಟಿಪಿ ಕೂಡ ಕೇಳಿದ್ದಾರೆ.

ಸುಬೇದಾರ್: ಒಟಿಪಿ ಕೊಡಬೇಡಿ! ಕೊಟ್ಟಿದ್ದರೆ ಈಗಲೇ ಪಾಸ್‌ವರ್ಡ್ ಬದಲಾಯಿಸಿ, ಬ್ಯಾಂಕ್ ಖಾತೆಯ ವಿವರ ಬದಲಾಗಿದೆಯೇ ನೋಡಿ. ಹೆಸರು ತಿದ್ದಲು ಯಾರಿಗೂ ನಿಮ್ಮ ಲಾಗಿನ್ ಬೇಡ. ಒಂದು ಅಕ್ಷರದ ತಪ್ಪಿಗೆ ಮೊದಲು ಅಫಿಡವಿಟ್ ಮತ್ತು ಪುರಾವೆಗಳ ಜೊತೆ ಅರ್ಜಿ ಕೊಡಿ. ಗಜೆಟ್, ಪತ್ರಿಕಾ ಪ್ರಕಟಣೆ ಕೇಳುವುದು ಸಾಮಾನ್ಯವಾಗಿ ಹೆಸರೇ ಬೇರೆಯಾದಾಗ. ನಿಮ್ಮ ರೆಕಾರ್ಡ್ ಆಫೀಸ್ ಬರವಣಿಗೆಯಲ್ಲಿ ಕೇಳಿದರೆ ಮಾಡಿಸಿ, ಏಜೆಂಟ್ ಬಾಯಲ್ಲಿ ಹೇಳಿದರೆ ಬೇಡ.

ತುಮಕೂರಿನ ಸದಸ್ಯ: ಚಿಕ್ಕಪ್ಪ ಆರು ವರ್ಷ ಸರ್ವಿಸ್ ಮಾಡಿ 1971ರಲ್ಲಿ ಬಂದವರು, ಪಿಂಚಣಿ ಇಲ್ಲ. ಹೆಸರು ತಪ್ಪಿದೆ.

ಸುಬೇದಾರ್: ಪಿಂಚಣಿ ಇಲ್ಲದವರ ಸೇವಾ ಕಡತ 25 ವರ್ಷದ ನಂತರ ನಾಶ ಮಾಡುತ್ತಾರೆ, ಲಾಂಗ್ ರೋಲ್ ಎಂಬ ಶಾಶ್ವತ ಹೆಸರುಪಟ್ಟಿ ಮಾತ್ರ ಉಳಿಯುತ್ತದೆ. ಮೂಲ ಡಿಸ್ಚಾರ್ಜ್ ಬುಕ್ ಯಾರ ಕೈಗೂ ಕೊಡಬೇಡಿ, ನಕಲು ಮಾತ್ರ ಕೊಡಿ. ಲಾಂಗ್ ರೋಲ್‌ನಲ್ಲಿ ಏನಿದೆ ಅಂತ ಆರ್‌ಟಿಐನಲ್ಲಿ ಕೇಳಿ.

ಉಡುಪಿಯ ಸದಸ್ಯ: ನೇವಿ, ಏರ್‌ಫೋರ್ಸ್‌ನವರಿಗೆ?

ಸುಬೇದಾರ್: ಏರ್‌ಫೋರ್ಸ್ ರೆಕಾರ್ಡ್ ಆಫೀಸ್, ಸುಬ್ರೊತೊ ಪಾರ್ಕ್, ದೆಹಲಿ. ನೇವಿಯ ನಾವಿಕರಿಗೆ ಬ್ಯೂರೋ ಆಫ್ ಸೇಲರ್ಸ್, ಮಾನ್‌ಖುರ್ದ್, ಮುಂಬೈ.

ಹಾವೇರಿಯ ಸದಸ್ಯ: ನೋಟರಿ ಸಾಕೇನ್ರಿ ಸರ್?

ಸುಬೇದಾರ್: ಮೇಲೆ ಬರೆದಿದ್ದೇನೆ.

ಮೈಸೂರಿನ ಸದಸ್ಯ: ಜೀವನ್ ಪ್ರಮಾಣ್ ಮಾಡಿಸಿದಾಗ ಆಧಾರ್ ಹೆಸರು ಸ್ಪರ್ಶ್‌ಗೆ ಹೋಗುತ್ತೆ ಅಂತ ಇನ್ನೊಂದು ಮೆಸೇಜ್ ಬಂದಿದೆ.

ಸುಬೇದಾರ್: ಜೀವನ್ ಪ್ರಮಾಣ್ ಇರುವುದು ಮನುಷ್ಯ ಬದುಕಿದ್ದಾನೆ ಎಂದು ತೋರಿಸಲು. ದಾಖಲೆ ತಿದ್ದಲು ಅಲ್ಲ. ಇಂಥ ಮೆಸೇಜ್ ನಂಬಿ ವರ್ಷಗಟ್ಟಲೆ ಸುಮ್ಮನೆ ಕೂತವರ ಮನೆಯ ಹೆಂಗಸರು ಆಮೇಲೆ ಕಚೇರಿ ಕಚೇರಿ ಅಲೆಯುತ್ತಾರೆ. ದಯವಿಟ್ಟು ಇನ್ನೊಂದು ಫಾರ್ವರ್ಡ್ ಇಲ್ಲಿ ಹಾಕಬೇಡಿ.

ಮೈಸೂರಿನ ಸದಸ್ಯ: ಒಳ್ಳೆಯದಕ್ಕೆ ಹಾಕಿದ್ದು. ಬೇಡ ಅಂದರೆ ಬಿಡಿ.

ಗದಗದ ಸದಸ್ಯ: ಸರ್, ಅಪ್ಪಾರಿಗೆ ಕೋರ್ಟಿಗೆ ಹೋಗಾಕ ಆಗಂಗಿಲ್ರಿ. ಸಹಿನೂ ಹಳೇದರಂಗ ಬರಂಗಿಲ್ಲ.

ಸುಬೇದಾರ್: ಅಲುಗಾಡುವ ಸಹಿ ಮಾಡಿಸಬೇಡಿ, ಹಳೆಯ ಸಹಿಗೆ ಹೊಂದದಿದ್ದರೆ ತಕರಾರು ಬರುತ್ತದೆ. ಎಡಗೈ ಹೆಬ್ಬೆಟ್ಟು ಒತ್ತಿಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ. ಸಹಿ ಮಾಡಲು ಆಗದ ಸ್ಥಿತಿ ಎಂದು ಸರ್ಕಾರಿ ವೈದ್ಯರಿಂದ ಪತ್ರ ತಗೊಳ್ಳಿ. ಅದನ್ನು ತೋರಿಸಿ ಸೈನಿಕ ಕಚೇರಿಯ ಉಪ ನಿರ್ದೇಶಕರನ್ನು ಖುದ್ದಾಗಿ ಕಾಣಿ, ಕಲ್ಯಾಣ ವ್ಯವಸ್ಥಾಪಕರನ್ನು ಮನೆಗೆ ಕಳಿಸಿ ಗುರುತು ದೃಢೀಕರಿಸಲು ಕೇಳಿ. ಅಫಿಡವಿಟ್ ಮನೆಯಲ್ಲೇ ಆಗುವ ದಾರಿ ಬಗ್ಗೆ ವಕೀಲರನ್ನು ವಿಚಾರಿಸಿ. ಅದು ತಡವಾಗುವ ಹಾಗಿದ್ದರೆ ಕಾಯಬೇಡಿ, ಉಳಿದ ಕಾಗದಗಳ ಜೊತೆ ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನು ನಾಳೆಯೇ ಸ್ಪೀಡ್ ಪೋಸ್ಟ್ ಮಾಡಿ, ಅಫಿಡವಿಟ್ ಹಿಂದಿನಿಂದ ಬರುತ್ತದೆ ಎಂದು ಬರೆಯಿರಿ. ತಂದೆಯವರೇ ತಿದ್ದುಪಡಿ ಕೇಳಿದ್ದಾರೆ ಎನ್ನುವುದಕ್ಕೆ ತಾರೀಖು ಸಮೇತ ದಾಖಲೆ ಇರಬೇಕು.