ಅತ್ತೆಯವರ ಡಬ್ಬಿಯೊಳಗಿನ ಹಳೇ ಗಿಲೀಟು ಸಾಮಾನು: ಹೆಂಗ ಗುರುತು ಹಿಡಿಯೂದು, ಎಷ್ಟಕ್ಕ ಹೋಗ್ತಾವ?

ಕೇಳಿದವರು, ಟಿಳಕವಾಡಿ, ಬೆಳಗಾವಿ: ತಗಡಿನ ಡಬ್ಬಿಯೊಳಗ ನಾಕು ಸಾಮಾನು ಅದಾವ. ಹಿಂದ ‘ಟ್ರಿಫಾರಿ’ ಅಂತ ಅಚ್ಚಿರೋ ಹರಳಿನ ಬ್ರೋಚ್, ಬಣ್ಣದ ಮಣಿಸರ, ಒಂದು ಜೋಡಿ ಪಾಟ್ಲಿ, ‘1/20 12ಕೆ ಜಿಎಫ್’ ಅಂತ ಬರೆದ 12 ಗ್ರಾಂ ಚೈನು. ಸರಾಫರು ಬಂಗಾರಲ್ಲಂತ ವಾಪಸ್ ಕೊಟ್ಟರು. ಹುಣಸಿಹಣ್ಣು ಹಚ್ಚಿ ತಿಕ್ಕಿ ಮಾರಲೇನು?

ಶಹಾಪುರ, ಬೆಳಗಾವಿ: ತಿಕ್ಕಬ್ಯಾಡ್ರಿ ಅಕ್ಕಾರ. ಹುಣಸಿಹಣ್ಣು ಹಿತ್ತಾಳಿ ತಂಬಿಗಿಗೆ ಸರಿ. ಗಿಲೀಟಿನ ಪದರ ಕೂದಲೆಳಿಗಿಂತ ಎಷ್ಟೋ ಪಟ್ಟು ತೆಳು. ಹುಳಿ ಹಚ್ಚಿ ಉಜ್ಜಿದರ ಕಿಲುಬಿನ ಜೋಡಿ ಅದೂ ಹೋಗಿ ಕೆಳಗಿನ ಲೋಹ ಕಾಣ್ತೈತಿ, ಅಲ್ಲಿಗೆ ಬೆಲಿ ಮುಗೀತು. ಬ್ರೋಚ್ ಅಂತೂ ನೀರಾಗ ಅದ್ದಲೇಬ್ಯಾಡ್ರಿ. ಹರಳಿನ ಬೆನ್ನಿಗೆ ಹೊಳಿಯೋ ಹಾಳಿ ಅಂಟಿಸಿರ್ತಾರ. ನೀರು ಒಳಗ ಹೊಕ್ಕರ ಅದು ಹಳದಿ, ಆಮ್ಯಾಲೆ ಕಪ್ಪು ಆಗ್ತೈತಿ. ಮೊದಲು ಮೆತ್ತನ್ನ ಒಣ ಬ್ರಶ್. ಹಸಿರು ಕಿಲುಬು ಇದ್ದಲ್ಲಿ ಅಷ್ಟೇ, ಹತ್ತಿ ಸುತ್ತಿದ ಕಡ್ಡಿಗೆ ಒಂದು ಹನಿ ವಿನೆಗರ್ ಹಚ್ಚಿ ಒರೆಸ್ರಿ. ಕೂಡ್ಲೇ ಒದ್ದಿ ಹತ್ತೀಲೆ ಒರೆಸಿ, ತಣ್ಣನ್ನ ಗಾಳಿಗೆ ಒಣಗಸ್ರಿ.

ವಿಜಯಪುರ: ಬ್ರೋಚಿನ ಮುಂಭಾಗ ನೋಡಿ ಕಾಲ ಹೇಳಲಾಗುವುದಿಲ್ಲ, ಹಿಂಭಾಗ ನೋಡಿ. ಹತ್ತುಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ‘ಟ್ರಿಫಾರಿ’ ಅಮೆರಿಕದ ಕಂಪನಿ. ಆ ಹೆಸರಿನ ಪಕ್ಕ ವರ್ತುಲದೊಳಗೆ ‘ಸಿ’ ಅಕ್ಷರ ಇದ್ದರೆ ಸಾಮಾನ್ಯವಾಗಿ 1955ರ ನಂತರದ್ದು. ಒಡವೆಯ ವಿನ್ಯಾಸಕ್ಕೂ ಹಕ್ಕುಸ್ವಾಮ್ಯ ಉಂಟೆಂದು ಅಲ್ಲಿನ ನ್ಯಾಯಾಲಯ ಒಪ್ಪಿದ್ದು ಆ ವರ್ಷ. ‘ಸ್ಟರ್ಲಿಂಗ್’, ಅಂದರೆ ಬೆಳ್ಳಿ, ಎಂದಿದ್ದರೆ ಬಹುತೇಕ 1942ರಿಂದ ಮುಂದಿನ ಕೆಲವು ವರ್ಷಗಳದ್ದು. ಯುದ್ಧದಿಂದಾಗಿ ಮಾಮೂಲಿ ಲೋಹ ಸಿಗದೆ ಬೆಳ್ಳಿಗೇ ಗಿಲೀಟು ಮಾಡುತ್ತಿದ್ದರು. ಅದಕ್ಕೆ ಬೆಲೆ ಹೆಚ್ಚು.

ಮಣಿಸರದ ಕೊಂಡಿ ನೋಡಿ. ‘ಚೆಕೊಸ್ಲೊವಾಕಿಯಾ’ ಎಂದಿದ್ದರೆ 1918 ಮತ್ತು 1992ರ ನಡುವಿನದು. ‘ವೆಸ್ಟ್ ಜರ್ಮನಿ’ ಎಂದಿದ್ದರೆ 1949 ಮತ್ತು 1990ರ ನಡುವಿನದು. ಎಣ್ಣೆ ಬಿದ್ದ ನೀರಿನ ಹಾಗೆ ಕಾಮನಬಿಲ್ಲಿನ ಬಣ್ಣ ಹೊಳೆದರೆ 1950ರ ದಶಕದ ನಡುವಿಗಿಂತ ಹಳೆಯದಲ್ಲ. ಗಾಜು ತುಟಿಗೆ ತಣ್ಣಗೆ ತಾಗುತ್ತದೆ, ಪ್ಲಾಸ್ಟಿಕ್ ಬೆಚ್ಚಗಿರುತ್ತದೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಅಭ್ಯಾಸ ಬಿಡಿ. ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಉರಿಯುತ್ತದೆ.

ಇಳಕಲ್ಲ: ಪಾಟ್ಲಿಗೆ ಒರೆಗಲ್ಲು ಬ್ಯಾಡ, ಗೀರು ಬೀಳ್ತೈತಿ. 0.01 ಗ್ರಾಂ ತೋರಿಸೋ ಸಣ್ಣ ಕಾಟಾ ತಗೋರಿ. ಮೊದಲು ಒಣ ಪಾಟ್ಲಿ ತೂಗ್ರಿ. ಆಮ್ಯಾಲೆ ನೀರು ಹಾಕಿದ ಗ್ಲಾಸು ಕಾಟಾದ ಮ್ಯಾಲಿಟ್ಟು ಸೊನ್ನೆ ಮಾಡ್ರಿ. ಪಾಟ್ಲಿಗೆ ದಾರ ಕಟ್ಟಿ, ಕೈಯಾಗ ಹಿಡಕೊಂಡ, ತಳಕ್ಕ ಬದಿಗೆ ತಾಗದಂಗ ಪೂರ್ತಿ ಮುಳುಗಸ್ರಿ. ಕಾಟಾದಾಗ ಬಂದ ಅಂಕಿಯಿಂದ ಒಣ ತೂಕ ಭಾಗಸ್ರಿ. 17ರ ಮ್ಯಾಲೆ ಬಂದರ 22 ಕ್ಯಾರಟ್ ಇರಬಹುದು, 10.3ರ ಸುತ್ತ ಬಂದರ ಬೆಳ್ಳಿ, 8.4ರಿಂದ 8.9 ಬಂದರ ಹಿತ್ತಾಳಿ ಇಲ್ಲಾ ತಾಮ್ರ. ಗಾಳಿಗುಳ್ಳಿ ಹತ್ತಿದ್ದರ ಲೆಕ್ಕ ತಪ್ಪತೈತಿ, ಅಲುಗಾಡಿಸಿ ಬಿಡಿಸ್ರಿ. ಗುಂಡಿನ ಸರಕ್ಕ, ಟೊಳ್ಳು ಪಾಟ್ಲಿಗೆ ಇದು ನಡಿಯೂದಿಲ್ಲ. ಒಳಗ ಅರಗು ಇರ್ತೈತಿ, ಖರೇ ಬಂಗಾರನೂ ಹಗುರ ತೋರಸ್ತೈತಿ.

ಚೈನಿನ ‘ಜಿಎಫ್’ ಅಂದರ ಗೋಲ್ಡ್ ಫಿಲ್ಡ್; ‘1/20 12ಕೆ’ ಅಂದರ ತೂಕದ ಇಪ್ಪತ್ತನೇ ಒಂದು ಪಾಲು 12 ಕ್ಯಾರಟ್ ಬಂಗಾರದ ಪದರ. 12 ಗ್ರಾಮಿಗೆ ಪದರ 0.6 ಗ್ರಾಂ. 12 ಕ್ಯಾರಟ್ ಅಂದರ ಅರ್ಧ, ಅಂದರ ಚೊಕ್ಕ ಬಂಗಾರ 0.3 ಗ್ರಾಂ. ಒಂದೇ ಚೈನು ಕರಗಿಸಿ ಅದನ್ನ ತಗಿಯೂದು ಖರ್ಚಿನ ಕೆಲಸ. ಬರೇ ‘ಜಿಪಿ’, ಅಂದರ ಗೋಲ್ಡ್ ಪ್ಲೇಟೆಡ್, ಇದ್ದರ ಅಷ್ಟೂ ಇಲ್ಲ.

ಕೇಳಿದವರು: ಎರಡೂ ಪಾಟ್ಲಿ ಕೂಡಿ ಒಣ ತೂಕ 31.2, ನೀರಾಗ 3.6 ಬಂತು.

ಇಳಕಲ್ಲ: 8.67. ಹಿತ್ತಾಳಿ. ಬೆಂಟೆಕ್ಸ್ ಅಂತೀವಲ್ಲ, ಆ ಜಾತಿ. ಉಟ್ಟು ತೊಟ್ಟು ಖುಷಿಪಡ್ರಿ, ಮಾರಾಕ ಹೋಗಬ್ಯಾಡ್ರಿ.

ವಿಜಯಪುರ: ಎಕ್ಸ್‌ಆರ್‌ಎಫ್ ಯಂತ್ರದಲ್ಲಿ, ಅಂದರೆ ಎಕ್ಸ್‌ರೇ ಹಾಯಿಸಿ ಲೋಹ ಗುರುತಿಸುವ ಯಂತ್ರದಲ್ಲಿ, ನೋಡಿಸುವವರಿಗೊಂದು ಮಾತು. ಅದು ಮೇಲ್ಮೈಯನ್ನಷ್ಟೇ ಓದುತ್ತದೆ. ಸವೆದ ಅಂಚಿನಲ್ಲಿ ಒಮ್ಮೆ, ಮೇಲೆ ಒಮ್ಮೆ ಓದಿಸಿ. ಎರಡರಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಅದು ಗಿಲೀಟೇ.

ಶಹಾಪುರ, ಬೆಳಗಾವಿ: ಬೆಲಿ ಬಗ್ಗೆ. ಸರಾಫ ಗಲ್ಲ್ಯಾಗ ತೂಕಕ್ಕ ಬೆಲಿ, ಹೆಸರಿಗೆ ಅಲ್ಲ. ಬ್ರೋಚ್ ಹೋಗೂದಾದರ ಸಂಗ್ರಹ ಮಾಡೋರ ಕಡೆ. ಆನ್‌ಲೈನ್‌ನಾಗ ಹಾಕಿದ ಬೆಲಿ ನೋಡಿ ಆಸೆಪಡಬ್ಯಾಡ್ರಿ. ಅದೇ ನಮೂನಿ, ಅದೇ ಅಚ್ಚು, ಮಾರಾಟ ಆಗಿ ಮುಗಿದದ್ದು ಎಷ್ಟಕ್ಕ ಹೋಗೈತಿ ಹುಡುಕ್ರಿ. ಜೋಡಿ ಕಿವಿ ಕ್ಲಿಪ್ ಡಬ್ಬಿ ತಳದಾಗ ಐತೇನು ನೋಡ್ರಿ, ಸೆಟ್ಟಿಗೆ ರೊಕ್ಕ ಜಾಸ್ತಿ. ಹಿಂದ ಬೂದುಬಣ್ಣದ ಬೆಸುಗಿ ಗುಬ್ಬಿ ಕಂಡರ ರಿಪೇರಿ ಆಗೈತಿ ಅಂತ ತಿಳಕೋರಿ, ಕೊಳ್ಳೋರಿಗೆ ಮೊದಲಽ ಹೇಳ್ರಿ. ನೂರು ವರ್ಷ ದಾಟಿದ ಸಾಮಾನನ್ನ ಖಾಸಗಿಯವರು ಪರದೇಶಕ್ಕ ಕಳಸೂದಕ್ಕ 1972ರ ಕಾಯ್ದೆಯ ಅಡ್ಡಿ ಐತಿ. ನಿಮ್ಮ ಬ್ರೋಚಿಗೆ ಆ ತಕರಾರಿಲ್ಲ.

ಕೇಳಿದವರು: ಒಂದು ಹರಳು ಉದುರೇತಿ, ಡಬ್ಬಿಯೊಳಗೇ ಸಿಕ್ತು.

ವಿಜಯಪುರ: ತಕ್ಷಣ ಹಿಡಿಯುವ ಅಂಟು ಬೇಡ. ಅದರ ಆವಿಗೆ ಪಕ್ಕದ ಹರಳುಗಳ ಮೇಲೂ ಬಿಳಿ ಮಂಜು ಕೂರುತ್ತದೆ. ಎರಡು ಟ್ಯೂಬಿನ ಎಪಾಕ್ಸಿ, ಸಮಪಾಲು ಕಲಸಿ, ಸೂಜಿಮೊನೆಯಷ್ಟು ಗುಳಿಯೊಳಗೆ ಇಡಿ. ಹರಳನ್ನು ಒದ್ದೆ ಮಾಡಿದ ಕಡ್ಡಿಯ ತುದಿಯಿಂದ ಎತ್ತಿ ಕೂರಿಸಿ, 24 ಗಂಟೆ ಮುಟ್ಟಬೇಡಿ.