ಮಧ್ಯಾಹ್ನದ ಧಾರಾವಾಹಿ ಕೆಡುವುದು ಎಲ್ಲಿಂದ?

ಸರಸ್ವತಿಪುರಂ ಸೊಸೆ:
ಮಧ್ಯಾಹ್ನ ಊಟ ಆದಮೇಲೆ ನಮ್ಮ ಮನೆಯಲ್ಲಿ ರಿಮೋಟ್ ಅತ್ತೆಯ ಕೈಯಲ್ಲಿ. ರಾತ್ರಿ ಬಂದ ಧಾರಾವಾಹಿಗಳ ಮರುಪ್ರಸಾರ, ಮಧ್ಯೆ ಒಂದೆರಡು ಡಬ್ಬಿಂಗ್. ಮೊನ್ನೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಕನ್ನಡ ಧಾರಾವಾಹಿ 'ಮಾಯಾಮೃಗ'ದ ಜೊತೆಗೇ ಮುಗಿಯಿತು ಅಂತ ಅವರು. 1998ರಲ್ಲಿ ದೂರದರ್ಶನದಲ್ಲಿ ಬಂದದ್ದು, ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ನಾನು ಒಪ್ಪಲಿಲ್ಲ. 'ಭಾಗ್ಯಲಕ್ಷ್ಮಿ'ಯಲ್ಲಿ ಭಾಗ್ಯ ಮಗಳ ಜೊತೆ ಹತ್ತನೇ ಕ್ಲಾಸಿಗೆ ಹೋದ ವಾರಗಳನ್ನು ನೋಡಿ. ಅತ್ತೆ ಕುಸುಮಾ ಮುಂದೆ ನಿಂತು ಸೊಸೆಯನ್ನು ಓದಿಸುತ್ತಾಳೆ, ಗಂಡ ಮೂಗು ಮುರಿಯುತ್ತಾನೆ. ಅದಕ್ಕಿಂತ ಒಳ್ಳೇ ಕಥೆ ಬೇಕಾ? ಆಮೇಲೆ ಗಂಡನ ಇನ್ನೊಂದು ಸಂಬಂಧದ ಸುತ್ತಲೇ ಸುತ್ತಿ ಸುತ್ತಿ ಸಾಕು ಮಾಡಿದರು, ಅದು ಬೇರೆ ಮಾತು. ನಿಮ್ಮ ಲೆಕ್ಕದಲ್ಲಿ ಯಾವುದು ಎದ್ದಿತು, ಯಾವುದು ಹಳ್ಳ ಹಿಡಿಯಿತು? ಎಲ್ಲಿಂದ?

ಕುವೆಂಪುನಗರ ಕಾಫಿ:
ನನ್ನ ಓಟು ನಿಮ್ಮ ಅತ್ತೆಯವರಿಗೆ. ಮಾಯಾಮೃಗದ ಮನೆಗಳು ನಮ್ಮ ಬೀದಿಯ ಮನೆಗಳ ಹಾಗೇ ಇದ್ದವು. ಸೀತಾರಾಂ ಅವರದೇ 'ಮನ್ವಂತರ', 'ಮುಕ್ತ'ದ ಕೋರ್ಟ್ ಸೀನ್‌ಗಳಿಗೆ ಜನ ಕಾದು ಕೂರುತ್ತಿದ್ದರು. ಅಲ್ಲಿ ವಕೀಲರು ಕೂಗಾಡುತ್ತಿರಲಿಲ್ಲ, ವಾದ ಮಾಡುತ್ತಿದ್ದರು. ಈಗಿನ ಮನೆ ನೋಡಿ. ಹಾಲ್ ಮಧ್ಯೆ ಮೆಟ್ಟಿಲು, ಮೆಟ್ಟಿಲ ಮೇಲೆ ಕದ್ದು ಕೇಳಿಸಿಕೊಳ್ಳಲು ಒಬ್ಬಳು. ಮಲಗುವಾಗಲೂ ಕಾಸಿನ ಸರ. ಆ ಮನೆಗೆ ಕರೆಂಟ್ ಬಿಲ್ ಬಂದದ್ದನ್ನು ಯಾರಾದರೂ ನೋಡಿದ್ದೀರಾ? ಒಂದು ಎಪಿಸೋಡಲ್ಲಾದರೂ ಫ್ಯೂಸ್ ಕಿತ್ತುಕೊಂಡು ಹೋಗಬೇಕು.

ಮಂಡ್ಯ ಬ್ಲೌಸ್ ಪೀಸ್:
ಸಾರ್, ಹಳೆಯದೆಲ್ಲ ಚಿನ್ನ ಅನ್ನುವುದು ಸುಲಭ. ನನ್ನದು ಮಂಡ್ಯದಲ್ಲಿ ಟೈಲರಿಂಗ್ ಅಂಗಡಿ. ಟಿವಿ ಇರುವುದು ನನ್ನ ಬೆನ್ನ ಹಿಂದೆ. ಕಣ್ಣು ಸೂಜಿ ಮೇಲೆ, ಕಿವಿ ಧಾರಾವಾಹಿ ಮೇಲೆ. ಮಧ್ಯಾಹ್ನದ ಹೊತ್ತಲ್ಲಿ ಬಹಳ ಹೆಂಗಸರು ಹೀಗೇ. ಒಬ್ಬರು ಅವರೆಕಾಯಿ ಸುಲಿಯುತ್ತಿರುತ್ತಾರೆ, ಒಬ್ಬರು ಬಟ್ಟೆ ಮಡಚುತ್ತಿರುತ್ತಾರೆ. ಒಂದೇ ಮಾತನ್ನು ಮೂರು ಸಲ ಹೇಳುತ್ತಾರೆ ಅಂತ ನೀವು ಬೈಯುತ್ತೀರಿ. ಓವರ್‌ಲಾಕ್ ಮಷಿನ್ ಓಡುವಾಗ ಮೊದಲ ಸಲ ಹೇಳಿದ್ದು ನನಗೆ ಕೇಳಿಸುವುದೇ ಇಲ್ಲ. ಹಾಗಾಗಿ ಕಥೆ ಎಳೆಯುವುದು ನನಗೆ ತಪ್ಪು ಅಂತ ಯಾವತ್ತೂ ಅನ್ನಿಸಿಲ್ಲ.

ನನಗೆ ಕೆಡುವುದು ಬೇರೆ ಕಡೆ. ಇವಳು ಇಂಥವಳು ಅಂತ ತಿಂಗಳುಗಟ್ಟಲೆ ನಂಬಿರುತ್ತೇವೆ. ಒಂದು ಸೋಮವಾರ ಬೇರೆಯೇ ಆಗಿರುತ್ತಾಳೆ. ಹೋದ ವಾರ ಕಾಗದದ ಮೇಲಿನ ಸಹಿ ನೋಡಿ ಕಳ್ಳನನ್ನು ಹಿಡಿದವಳು, ಈ ವಾರ ನಾದಿನಿ ಕಣ್ಣೆದುರೇ ಹಾಲಿಗೆ ಏನೋ ಬೆರೆಸಿದರೂ ಗಟಗಟ ಕುಡಿಯುತ್ತಾಳೆ. ಕಥೆ ಓಡಬೇಕಲ್ಲ, ಅದಕ್ಕೆ ಅವಳ ಬುದ್ಧಿ ಕಿತ್ತುಕೊಂಡರು. ಅಲ್ಲಿಂದ ನನ್ನ ಕಿವಿ ಮಷಿನ್ ಕಡೆಗೆ.

ಪಾಂಡವಪುರ ಪುಟ್ಟ:
ಅಕ್ಕ ಹೇಳಿದ್ದಕ್ಕೆ 'ಅಗ್ನಿಸಾಕ್ಷಿ' ಸರಿಯಾದ ಉದಾಹರಣೆ. 2013ರ ಕೊನೆಗೆ ಶುರು, 2020ರಲ್ಲಿ ಮುಗಿಯಿತು. ವಿಲನ್ ಚಂದ್ರಿಕಾ ಎಂಥವಳು ಅಂತ ಕರ್ನಾಟಕಕ್ಕೆಲ್ಲ ಗೊತ್ತು, ಮನೆಯೊಳಗಿನ ಹೀರೋ ಸಿದ್ಧಾರ್ಥನಿಗೆ ಮಾತ್ರ ಗೊತ್ತಿಲ್ಲ. ಅಷ್ಟು ದೊಡ್ಡ ಬಿಸಿನೆಸ್ ನಡೆಸುವವನು! ಇನ್ನು 'ಪುಟ್ಟಗೌರಿ ಮದುವೆ'. ಹಿಂದಿಯ 'ಬಾಲಿಕಾ ವಧು' ಕಥೆಯಿಂದ 2012ರಲ್ಲಿ ಶುರುವಾದದ್ದು, ಬಾಲ್ಯವಿವಾಹದ ವಿಷಯ. ಚಿಕ್ಕ ಹುಡುಗಿಯ ಕಾಲದ ಎಪಿಸೋಡ್‌ಗಳನ್ನು ನಮ್ಮ ಅಜ್ಜಿ ಬಾಯಿ ಬಿಡದೆ ನೋಡುತ್ತಿದ್ದರು, ಯಾಕೆಂದರೆ ಅವರದೂ ಅದೇ ಕಥೆ. ಕೊನೆಕೊನೆಗೆ ಗೌರಿ ಕಾಡು ಸೇರಿದಳು, ಹುಲಿ ಬಂತು, ಟ್ರೋಲ್ ಪೇಜಿನವರಿಗೆ ಹಬ್ಬ. ಅಜ್ಜಿ ಮಾತ್ರ ನಗಲಿಲ್ಲ. 'ಇವಳ ಗಂಡನ ಕಥೆ ಏನಾಯಿತು ಹೇಳು, ಹುಲಿ ಕಟ್ಟಿಕೊಂಡು ನನಗೇನು' ಅಂದರು.

ಸರಸ್ವತಿಪುರಂ ಸೊಸೆ:
ನಿಮ್ಮಜ್ಜಿಗೆ ನಮಸ್ಕಾರ. ಆದರೆ ಅದೇ ಗೌರಿಯಾಗಿದ್ದ ನಟಿ ರಂಜನಿ ರಾಘವನ್ ಆಮೇಲೆ 'ಕನ್ನಡತಿ' ಮಾಡಿದರಲ್ಲ, 2020ರಿಂದ 2023. ನಾಯಕಿ ಭುವಿ ಕನ್ನಡ ಟೀಚರ್. ಎಪಿಸೋಡ್ ಕೊನೆಗೆ ಸರಿಗನ್ನಡದ ಪಾಠ. ಅತ್ತೆಯಾಗುವವಳು ರತ್ನಮಾಲಾ, ಹುಡುಗಿಯನ್ನು ತಾನೇ ಮೆಚ್ಚಿ ಆರಿಸಿಕೊಂಡವಳು. ಸಂಚು ಅದರಲ್ಲೂ ಇತ್ತು. ಆದರೆ ಭುವಿ ಭುವಿಯಾಗಿಯೇ ಉಳಿದಳು. ರತ್ನಮಾಲಾ ತೀರಿಕೊಂಡ ವಾರ ನಮ್ಮ ಮನೆಯಲ್ಲಿ ನಿಜವಾಗಿ ಯಾರೋ ಹೋದ ಹಾಗಿತ್ತು.

ಕುವೆಂಪುನಗರ ಕಾಫಿ:
ಆ ಮದುವೆಯನ್ನು ಎಷ್ಟು ಎಳೆದರು ಅಂತಲೂ ಹೇಳಿ ಮೇಡಂ. ಮಂಟಪ ಹಾಕಿದ್ದೇ ಹಾಕಿದ್ದು. ಎಳೆಯುವುದು ತಪ್ಪಲ್ಲ ಅನ್ನುವ ಮಂಡ್ಯದ ಮೇಡಂಗೆ ಒಂದು ಲೆಕ್ಕ ಕೊಡುತ್ತೇನೆ. 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೇ ರೇ' ಧಾರಾವಾಹಿಯ ರಿಮೇಕ್. ಮರಾಠಿಯಲ್ಲಿ 2018ರ ಆಗಸ್ಟಲ್ಲಿ ಶುರುವಾಗಿ ಮುಂದಿನ ಜುಲೈಗೆ ಮುಗಿಯಿತು. ಅದೇ ಕಥೆ ಕನ್ನಡದಲ್ಲಿ 2019ರಿಂದ 2023ರವರೆಗೆ! ಒಂದು ವರ್ಷದ ಕಥೆಯನ್ನು ನಾಲ್ಕು ವರ್ಷ ಹೇಳಿದರೆ ಮಿಕ್ಕ ಮೂರು ವರ್ಷ ಏನು ತುಂಬಿರುತ್ತಾರೆ?

ಮಂಡ್ಯ ಬ್ಲೌಸ್ ಪೀಸ್:
ಅದು ನನ್ನ ಮಾತಿಗೇ ಸಾಕ್ಷಿ ಸಾರ್. ಹೀರೋ ಆರ್ಯವರ್ಧನ್ ತನ್ನ ಮೊದಲ ಹೆಂಡತಿ ರಾಜನಂದಿನಿಯ ಸಾವಿಗೆ ಕಾರಣ ಅನ್ನುವುದು ಮೂಲ ಕಥೆಯಲ್ಲೇ ಇತ್ತು. ಒಳ್ಳೆಯವನು ಅಂತ ನಾವು ನಂಬಿದವನು ಒಳ್ಳೆಯವನಲ್ಲ. ಅದು ಸುಳ್ಳು ತಿರುವಲ್ಲ, ಮೊದಲಿಂದ ಕಟ್ಟಿಕೊಂಡು ಬಂದ ತಿರುವು. ಆ ದಿನ ಅಂಗಡಿಯಲ್ಲಿ ಕೊಕ್ಕೆ ಹಾಕುವ ಹುಡುಗಿ ಸೂಜಿ ಕೆಳಗಿಟ್ಟು ಕೂತುಬಿಟ್ಟಳು. ಆದರೆ ಜನಕ್ಕೆ ಆರ್ಯ ಸರ್ ಇಷ್ಟ. ಅದಕ್ಕೇ ಅವನನ್ನು ಮತ್ತೆ ಒಳ್ಳೆಯವನು ಮಾಡಲು ಹೊರಟರು. 2022ರಲ್ಲಿ ನಟನೂ ಬದಲಾಗಿ, ಮುಖವೇ ಬದಲಾದ ಕಥೆ ಕಟ್ಟಿದರು. ಒಂದೇ ಧಾರಾವಾಹಿಯಲ್ಲಿ ಎತ್ತರವೂ ಇದೆ, ಗುಂಡಿಯೂ ಇದೆ.

ಒಂಟಿಕೊಪ್ಪಲ್ ಮೇಷ್ಟ್ರು:
ತಡವಾಗಿ ಬಂದೆ. ಇದೆಲ್ಲ ನಮ್ಮದೊಂದೇ ರೋಗ ಅಂದುಕೊಳ್ಳಬೇಡಿ. ಮಧ್ಯಾಹ್ನದ ಧಾರಾವಾಹಿ ಹುಟ್ಟಿದ್ದೇ ಅಮೆರಿಕದ ರೇಡಿಯೋದಲ್ಲಿ, 1930ರ ದಶಕದಲ್ಲಿ. ಮನೆಗೆಲಸ ಮಾಡುತ್ತಾ ಕೇಳುವ ಹೆಂಗಸರಿಗಾಗಿ, ಸೋಪಿನ ಕಂಪನಿಗಳ ದುಡ್ಡಲ್ಲಿ. ಟೈಲರಿಂಗ್ ಮೇಡಂ ಹೇಳಿದ್ದು ಹೊಸ ವಿಷಯವಲ್ಲ, ಬುನಾದಿಯೇ ಅದು. 'ಗೈಡಿಂಗ್ ಲೈಟ್' 1937ರಲ್ಲಿ ರೇಡಿಯೋದಲ್ಲಿ ಶುರುವಾಗಿ, 1952ರಲ್ಲಿ ಟಿವಿಗೆ ಬಂದು, 2009ರಲ್ಲಿ ನಿಂತಿತು. ಎಪ್ಪತ್ತೆರಡು ವರ್ಷ! (ನಮ್ಮ ಒಂಟಿಕೊಪ್ಪಲಿನಲ್ಲಿ ಗೋಪಾಲಸ್ವಾಮಿಯವರು ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ್ದು 1935ರಲ್ಲಿ. ನಮ್ಮ ಬಡಾವಣೆಯ ವಿಷಯ, ಹೇಳದೆ ಇರಲಾಗುವುದಿಲ್ಲ.)

ಅಲ್ಲಿನವರೂ ಇದೇ ಜಗಳ ಆಡುತ್ತಾರೆ. 'ಜನರಲ್ ಹಾಸ್ಪಿಟಲ್' ಅಂತ 1963ರಿಂದ ನಡೆಯುತ್ತಿರುವುದು. ಅದರಲ್ಲಿ ಲ್ಯೂಕ್ ಮತ್ತು ಲಾರಾ ಮದುವೆ, 1981ರ ನವೆಂಬರ್. ಸುಮಾರು 3 ಕೋಟಿ ಜನ ನೋಡಿದರು. ಹಗಲು ಹೊತ್ತಿನ ಟಿವಿಗೆ ಅದೇ ಶಿಖರ ಅಂತ ಇವತ್ತಿಗೂ ಹೇಳುತ್ತಾರೆ. ಆದರೆ 1979ರಲ್ಲಿ ಅದೇ ಲ್ಯೂಕ್ ಅದೇ ಲಾರಾಳ ಮೇಲೆ ಅತ್ಯಾಚಾರ ಮಾಡಿದ್ದನ್ನು ತೋರಿಸಿದ್ದರು. ಜೋಡಿಗೆ ಜನ ಮರುಳಾದರು ಅಂತ ಅದನ್ನೇ ಪ್ರೇಮಕಥೆ ಮಾಡಿಬಿಟ್ಟರು. ಈಗ ಹೇಳಿ, ಇದು ಎತ್ತರವಾ, ಪಾತಾಳವಾ?

ಸರಸ್ವತಿಪುರಂ ಸೊಸೆ:
ಪಾತಾಳ. ಎಷ್ಟು ಕೋಟಿ ಜನ ನೋಡಿದರೂ ಪಾತಾಳವೇ. ನಮ್ಮಲ್ಲೂ ಬಲವಂತವಾಗಿ ತಾಳಿ ಕಟ್ಟಿದವನು ನೂರು ಎಪಿಸೋಡ್ ಆದಮೇಲೆ ಹೀರೋ. ಹುಡುಗಿ ಅವನಿಗೆ ಕಾಫಿ ಹಿಡಿದುಕೊಂಡು ನಿಂತಿರುತ್ತಾಳೆ, ಹಿಂದೆ ಕೊಳಲು.

ಒಂಟಿಕೊಪ್ಪಲ್ ಮೇಷ್ಟ್ರು:
ಒಂದು ಮಾತು ಮಾತ್ರ ಅವರ ಪರವಾಗಿ. 1998ರಲ್ಲಿ ಅದೇ ಧಾರಾವಾಹಿ ಆ ಹಳೇ ಘಟನೆಗೆ ವಾಪಸ್ ಬಂತು. ಅವರ ಮಗ ದೊಡ್ಡವನಾಗಿದ್ದಾನೆ, ಅವನಿಗೆ ವಿಷಯ ಗೊತ್ತಾಗುತ್ತದೆ, ಅಪ್ಪನನ್ನು ಕೇಳುತ್ತಾನೆ. ಸುಮಾರು ಇಪ್ಪತ್ತು ವರ್ಷ ಬಿಟ್ಟು ಲೆಕ್ಕ ಕೇಳಲು ಸಿನಿಮಾದಿಂದ ಆಗುವುದಿಲ್ಲ. ಅದೇ ನಟರು, ಅದೇ ಪಾತ್ರ, ಅದೇ ಜನ ನೋಡುತ್ತಾ ಮುದುಕರಾಗಿದ್ದಾರೆ. ಉದ್ದ ಇದ್ದದ್ದಕ್ಕೇ ಅದು ಸಾಧ್ಯವಾಯಿತು. 'ಡೇಸ್ ಆಫ್ ಅವರ್ ಲೈವ್ಸ್' ಬಗ್ಗೆ ಜಾಸ್ತಿ ಹೇಳುವುದಿಲ್ಲ, ತೊಂಬತ್ತರ ದಶಕದಲ್ಲಿ ಅದರ ನಾಯಕಿಗೆ ದೆವ್ವ ಹಿಡಿಸಿದ್ದರು.

ಪಾಂಡವಪುರ ಪುಟ್ಟ:
ಅವರಿಗೂ ದೆವ್ವ ಬೇಕಾಯಿತಾ ಮೇಷ್ಟ್ರೇ! ಹಾಗಾದರೆ ನಮ್ಮ ನಾಗಿಣಿಯರಿಗೆ ಯಾಕೆ ಬೈಯಬೇಕು? ಇನ್ನೊಂದು, ಡಬ್ಬಿಂಗ್ ಅಂದರೆ ಮುಖ ಸಿಂಡರಿಸುವವರು ಇದ್ದಾರೆ. 2020ರಲ್ಲಿ ಅಂಬೇಡ್ಕರ್ ಜೀವನದ 'ಮಹಾನಾಯಕ' ಬಂದಾಗ ಹಳ್ಳಿಹಳ್ಳಿಯಲ್ಲಿ ಅದಕ್ಕೆ ಫ್ಲೆಕ್ಸ್ ಕಟ್ಟಿದರು. ಯಾವ ಸ್ವಂತ ಧಾರಾವಾಹಿಗೆ ಹಾಗೆ ಕಟ್ಟಿದ್ದಾರೆ?

ಕುವೆಂಪುನಗರ ಕಾಫಿ:
ಅದು ನಿಜ. ಅದಕ್ಕೆ ತಕರಾರಿಲ್ಲ.

ಡೈಲಾಗ್ ಗುಮಾಸ್ತ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಬೆಂಗಳೂರಲ್ಲಿ ಕೆಲವು ವರ್ಷ ಧಾರಾವಾಹಿಗಳಿಗೆ ಸಂಭಾಷಣೆ ಬರೆದವನು ನಾನು, ಈಗ ಮೈಸೂರಿಗೆ ವಾಪಸ್ಸಾಗಿದ್ದೇನೆ. ಚಾನೆಲ್ ಹೆಸರು ಕೇಳಬೇಡಿ.

ನೀವೆಲ್ಲ 'ಬರೆಯುವವರು' ಅಂತ ಒಬ್ಬನನ್ನೇ ಬೈಯುತ್ತಿದ್ದೀರಿ. ಕಥೆ ಒಬ್ಬರದು, ಚಿತ್ರಕಥೆ ಇನ್ನೊಬ್ಬರದು, ಮಾತು ಮೂರನೆಯವರದು. ಅರ್ಧ ಗಂಟೆಯ ಸ್ಲಾಟಿಗೆ ಜಾಹೀರಾತು ಕಳೆದು ಇಪ್ಪತ್ತೆರಡು ನಿಮಿಷದ ಆಸುಪಾಸು ಬೇಕು. ವಾರದ ಐದಾರು ದಿನ ಬೇಕು. ಮುಂಚೆಯೇ ಒಂದಷ್ಟು ಎಪಿಸೋಡ್ ಶೂಟ್ ಮಾಡಿ ಇಟ್ಟುಕೊಂಡಿದ್ದರೆ ಅದಕ್ಕೆ ಬ್ಯಾಂಕ್ ಅನ್ನುತ್ತಾರೆ. ಬ್ಯಾಂಕ್ ಇದ್ದರೆ ಎಲ್ಲರೂ ಮನುಷ್ಯರ ಹಾಗೆ ಇರುತ್ತಾರೆ. ಖಾಲಿಯಾಯಿತೋ, ನಾಳೆ ಸಂಜೆ ಬರುವುದನ್ನು ಇವತ್ತು ಶೂಟ್ ಮಾಡುವುದು. ಸೆಟ್ಟಲ್ಲಿ ಕ್ಯಾಮೆರಾ ಇಟ್ಟು ಕಾಯುತ್ತಿರುತ್ತಾರೆ, ನಾನು ಮನೆಯಿಂದ ವಾಟ್ಸಾಪಲ್ಲಿ ಒಂದೊಂದೇ ಸೀನ್ ಕಳಿಸುತ್ತಿರುತ್ತೇನೆ. ಒಬ್ಬರ ಡೇಟ್ ಇಲ್ಲ ಅಂದರೆ ಆ ಪಾತ್ರ ಊರಿಗೆ ಹೋಗುತ್ತದೆ. ಎರಡು ನಿಮಿಷ ಕಡಿಮೆ ಬಿತ್ತು ಅಂದರೆ ಹಾಲಲ್ಲಿ ನಿಂತ ಎಲ್ಲರ ಮುಖಕ್ಕೂ ಒಂದೊಂದು ಕ್ಲೋಸಪ್. ನೀವು ನಗುವ ಆ ರಿಯಾಕ್ಷನ್ ಶಾಟ್‌ಗಳು ಬಹಳ ಸಲ ಹುಟ್ಟುವುದು ಹೀಗೆ.

ಗುರುವಾರ ಬಾರ್ಕ್ ರೇಟಿಂಗ್ ಬರುತ್ತದೆ, ಅಂದರೆ ಯಾವುದನ್ನು ಎಷ್ಟು ಜನ ನೋಡಿದರು ಅನ್ನುವ ಲೆಕ್ಕ. ಆಮೇಲೆ ಫೋನ್ ಬರುತ್ತದೆ. ಒಂದು ಧಾರಾವಾಹಿಯಲ್ಲಿ ಒಬ್ಬ ಅಜ್ಜಿಯ ಪಾತ್ರವಿತ್ತು. ನನಗೆ ಬಹಳ ಇಷ್ಟ. ಮನೆಯವರೆಲ್ಲ ಸೊಸೆಯನ್ನು ಅನುಮಾನಿಸಿದರೂ ಅಜ್ಜಿ ಅನುಮಾನಿಸುವುದಿಲ್ಲ, ಇಡೀ ಪಾತ್ರವೇ ಅದು. ಒಂದು ಗುರುವಾರ ರೇಟಿಂಗ್ ಬಿತ್ತು. ಸಂಜೆಯೊಳಗೆ ಅಜ್ಜಿ ಸೊಸೆಯ ಕಪಾಳಕ್ಕೆ ಹೊಡೆದು ಆಚೆ ಹೋಗು ಅನ್ನಬೇಕು ಅಂತ ಬಂತು. ಬರೆದೆ. ಆ ಪಾತ್ರ ಮಾಡುತ್ತಿದ್ದವರು ನಾಟಕದಿಂದ ಬಂದ ಹಿರಿಯರು. ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದರು. 'ಏನಪ್ಪಾ, ಈಯಮ್ಮನಿಗೆ ಬೆಳಗ್ಗೆ ಚೆನ್ನಾಗಿತ್ತಲ್ಲ?' ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಟೇಕಲ್ಲಿ ಮಾತ್ರ ಅವರು ಎಂಥಾ ಪೆಟ್ಟು ಹೊಡೆದರು ಅಂದರೆ, ಇಡೀ ಸೆಟ್ಟು ನಂಬಿತು.

ಮಂಡ್ಯ ಬ್ಲೌಸ್ ಪೀಸ್:
ಇದೇ ಅಣ್ಣ ನಾನು ಹೇಳಿದ್ದು. ಕೇಳುವವರಿಗೆ ಗೊತ್ತಾಗುತ್ತದೆ. ದನಿ ಅದೇ, ಮನುಷ್ಯ ಬೇರೆ.

'ಪುಟ್ಟಕ್ಕನ ಮಕ್ಕಳು' ನನಗೆ ಯಾಕೆ ಹಿಡಿಸಿತು ಗೊತ್ತಾ? ನಮ್ಮ ಕಡೆಯ ಹಳ್ಳಿ ಮಾತನ್ನು ಧಾರಾವಾಹಿಯಲ್ಲಿ ಅಡುಗೆಯವಳಿಗೋ ಡ್ರೈವರಿಗೋ ಕೊಡುತ್ತಿದ್ದರು, ನಗಿಸಲು. ಇಲ್ಲಿ ಕಥೆಯ ಯಜಮಾನಿಯೇ ಹಳ್ಳಿ ಮಾತಾಡುತ್ತಾಳೆ. ಗಂಡು ಮಗು ಇಲ್ಲ ಅಂತ ಗಂಡ ಇನ್ನೊಬ್ಬಳ ಜೊತೆ ಹೋದ, ಇವಳು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದಳು. ಉಮಾಶ್ರೀಯವರು ಸೆರಗಲ್ಲಿ ಕೈ ಒರೆಸಿಕೊಳ್ಳುವುದರಲ್ಲೇ ಪಾತ್ರ ಇದೆ. ಅದೂ ತೆಲುಗಿನ ರಿಮೇಕ್ ಅಂತ ಯಾರೋ ಹೇಳಿದರು. ಇರಲಿ, ಅಂಗಡಿಗೆ ಬರುವ ಹೆಂಗಸರಿಗೆ ಅವಳು ನಮ್ಮೂರಿನವಳೇ.

ಕುವೆಂಪುನಗರ ಕಾಫಿ:
ಅದರಲ್ಲಿ ಡಿಸಿಯಾಗಿದ್ದ ಮಗಳು ಸ್ನೇಹಾಳನ್ನು 2024ರಲ್ಲಿ ಸಾಯಿಸಿದರಲ್ಲ? ನಟಿ ಹೊರಟರು ಅಂತ ಪಾತ್ರಕ್ಕೇ ಮಣ್ಣು. ಅಷ್ಟು ಓದಿ ಮೇಲೆ ಬಂದ ಹುಡುಗಿ! ಅದನ್ನೂ ಒಪ್ಪುತ್ತೀರಾ?

ಮಂಡ್ಯ ಬ್ಲೌಸ್ ಪೀಸ್:
ಒಪ್ಪುವುದಿಲ್ಲ. ಬೇಜಾರಾಯಿತು, ಎರಡು ದಿನ ಟಿವಿ ಹಾಕಲಿಲ್ಲ. ಆದರೆ ಸತ್ತವಳು ಸ್ನೇಹಾಳಾಗಿಯೇ ಸತ್ತಳು. ಅವಳನ್ನು ಉಳಿಸಿಕೊಂಡು ಪೆದ್ದಿ ಮಾಡಿದ್ದರೆ ಜಾಸ್ತಿ ಬೇಜಾರಾಗುತ್ತಿತ್ತು.

ಕುವೆಂಪುನಗರ ಕಾಫಿ:
ಇಷ್ಟೆಲ್ಲ ಆದಮೇಲೂ ನನ್ನ ಮಾತು ಅದೇ. ಮುಗಿಯುವ ದಿನ ಗೊತ್ತಿದ್ದರೆ ಅಜ್ಜಿ ಕಪಾಳಕ್ಕೆ ಹೊಡೆಯುವ ಪರಿಸ್ಥಿತಿಯೇ ಬರುವುದಿಲ್ಲ. ಮರಾಠಿಯವರು ಒಂದು ವರ್ಷದಲ್ಲಿ ಮುಗಿಸಿದರು, ಯಾರ ಗಂಟು ಹೋಯಿತು?

ಒಂಟಿಕೊಪ್ಪಲ್ ಮೇಷ್ಟ್ರು:
ಹಾಗಾದರೆ ಇಪ್ಪತ್ತು ವರ್ಷ ಬಿಟ್ಟು ಅಪ್ಪನನ್ನು ಪ್ರಶ್ನೆ ಕೇಳುವ ಮಗ ನಿಮಗೆ ಸಿಗುವುದಿಲ್ಲ.

ಕುವೆಂಪುನಗರ ಕಾಫಿ:
ಬೇಡ ಮೇಷ್ಟ್ರೇ. ಆ ಒಬ್ಬ ಮಗನಿಗಾಗಿ ಮಿಕ್ಕ ಸಾವಿರಾರು ಎಪಿಸೋಡ್ ನೋಡುವ ತಾಳ್ಮೆ ನನಗಿಲ್ಲ.

ಸರಸ್ವತಿಪುರಂ ಸೊಸೆ:
ಗುಮಾಸ್ತ ಸಾರ್, ಒಂದು ಕೇಳುತ್ತೇನೆ. ಆ ಅಜ್ಜಿ ಹೊಡೆದ ಸೀನ್ ಟಿವಿಯಲ್ಲಿ ಬಂತಾ?

ಡೈಲಾಗ್ ಗುಮಾಸ್ತ:
ಬಂತು. ಆ ವಾರ ರೇಟಿಂಗ್ ಏರಿತು ಮೇಡಂ.

ಪಾಂಡವಪುರ ಪುಟ್ಟ:
ಅಲ್ಲಿಗೆ ತಪ್ಪು ನೋಡುವವರದೇ ಅಂತಾಯಿತು. ಅಕ್ಕ, ಈಗೇನು ಹೇಳುತ್ತೀರಿ?

ಮಂಡ್ಯ ಬ್ಲೌಸ್ ಪೀಸ್:
ರೇಟಿಂಗ್ ಮೀಟರ್ ಇಟ್ಟಿರುವುದು ಎಲ್ಲೋ ಆರಿಸಿಕೊಂಡ ಕೆಲವು ಮನೆಗಳಲ್ಲಿ ಕಣಪ್ಪ. ನನ್ನ ಅಂಗಡಿಗೆ ಯಾರೂ ತಂದು ಹಾಕಿಲ್ಲ. ಹಾಕಿದ ದಿನ ನನ್ನನ್ನು ಬೈ.