ಉಚಿತ ಎಸ್‌ಎಸ್‌ಎಲ್ ಪ್ರಮಾಣಪತ್ರ ಮೂರು ತಿಂಗಳಿಗೇ ಏಕೆ ನಿಂತುಹೋಯಿತು?

ಪ್ರಶ್ನೆ (ಗುಳೇದಗುಡ್ಡದಿಂದ): ನಮಸ್ಕಾರ ಸರ್. ನಮ್ಮದು ಖಣ ನೇಯಿಸಿ ಮಾರುವ ಅಂಗಡಿ. ಬಾಡಿಗೆ ಸರ್ವರಿನಲ್ಲಿರುವ ನಮ್ಮ ವೆಬ್‌ಸೈಟಿಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಎಸ್‌ಎಸ್‌ಎಲ್ ಪ್ರಮಾಣಪತ್ರವನ್ನು (ಸೈಟಿನ ಸಂಪರ್ಕ ಸುರಕ್ಷಿತವೆಂದು ಬ್ರೌಸರಿಗೆ ತೋರಿಸುವ ಡಿಜಿಟಲ್ ಪತ್ರ) ಸರ್ಟ್‌ಬಾಟ್ ಎಂಬ ತಂತ್ರಾಂಶದ ಮೂಲಕ ಹಾಕಿಸಿದ್ದೆವು. ಮೊನ್ನೆಯಿಂದ ಸೈಟ್ ತೆರೆದವರಿಗೆಲ್ಲ ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ಕಾಣುತ್ತಿದ್ದು, ಶ್ರಾವಣದ ಆರ್ಡರುಗಳ ಹೊತ್ತಿನಲ್ಲೇ ಗಿರಾಕಿಗಳು ಹಿಂದೆ ಸರಿಯುತ್ತಿದ್ದಾರೆ. ಒಂದೂವರೆ ತಿಂಗಳ ಹಿಂದೆ ಪರಿಚಿತರೊಬ್ಬರು ಭದ್ರತೆಗೆಂದು ಸರ್ವರಿನ ಪೋರ್ಟುಗಳಲ್ಲಿ (ಸಂಪರ್ಕ ಒಳಬರುವ ಬಾಗಿಲುಗಳು) ಸುರಕ್ಷಿತ ಸಂಪರ್ಕದ 443 ಮತ್ತು ಲಾಗಿನ್ ಪೋರ್ಟ್ ಬಿಟ್ಟು ಉಳಿದವನ್ನೆಲ್ಲ ಮುಚ್ಚಿಸಿದ್ದರು. ಉಚಿತದ್ದು ದುರ್ಬಲ, ಹಣ ಕೊಟ್ಟು ಕೊಳ್ಳಿರಿ ಎಂದು ಈಗ ಅವರೇ ಹೇಳುತ್ತಾರೆ. ಕೊಳ್ಳಬೇಕೇ?

ಉತ್ತರ (ಬೆಳಗಾವಿಯ ಸರ್ವರ್ ನಿರ್ವಾಹಕರಿಂದ): ಕೊಳ್ಳುವ ಅಗತ್ಯವಿಲ್ಲ. ಕಾರಣ ನಿಮ್ಮ ಮಾತಿನಲ್ಲೇ ಇದೆ. ಈ ಪ್ರಮಾಣಪತ್ರದ ಅವಧಿ 90 ದಿನ. ಸುಮಾರು 30 ದಿನ ಉಳಿದಾಗ ಸರ್ಟ್‌ಬಾಟ್ ತಾನೇ ನವೀಕರಣಕ್ಕೆ ತೊಡಗುತ್ತದೆ. ಆಗ ಲೆಟ್ಸ್ ಎನ್‌ಕ್ರಿಪ್ಟ್, ಡೊಮೇನ್ (ಸೈಟಿನ ಹೆಸರು) ನಿಮ್ಮ ಕೈಯಲ್ಲೇ ಇದೆಯೇ ಎಂದು ತಿಳಿಯಲು, ನಿಮ್ಮ ಸರ್ವರಿನಲ್ಲಿಟ್ಟ ಒಂದು ಸಣ್ಣ ಕಡತವನ್ನು ಸಾಮಾನ್ಯ ವೆಬ್ ಸಂಪರ್ಕದ 80ನೇ ಪೋರ್ಟಿನಿಂದ ಕೇಳಿ ನೋಡುತ್ತದೆ. ನಿಮ್ಮಲ್ಲಿ ಆ ಬಾಗಿಲು ಮುಚ್ಚಿದ್ದರಿಂದ ಇಡೀ ತಿಂಗಳು ಪ್ರಯತ್ನಗಳು ಸದ್ದಿಲ್ಲದೆ ಸೋತಿರಬೇಕು. ಅವಧಿ ಮುಗಿಯುವುದನ್ನು ಇಮೇಲ್‌ನಲ್ಲಿ ತಿಳಿಸುವುದನ್ನು ಆ ಸಂಸ್ಥೆ 2025ರ ಜೂನ್‌ನಲ್ಲಿ ನಿಲ್ಲಿಸಿರುವುದರಿಂದ ನಿಮಗೆ ಸುಳಿವೂ ಸಿಗಲಿಲ್ಲ.

80ನ್ನು ತೆರೆದು, ಮೊದಲು ಸರ್ಟ್‌ಬಾಟ್‌ನ ಡ್ರೈ ರನ್ (ಪ್ರಾಯೋಗಿಕ ನವೀಕರಣ) ನಡೆಸಿರಿ. ನೇರವಾಗಿ ಮೇಲಿಂದ ಮೇಲೆ ಪ್ರಯತ್ನಿಸಿ ಸೋತರೆ ಒಂದಷ್ಟು ಹೊತ್ತು ಅವರ ಸರ್ವರ್ ನಿಮ್ಮನ್ನು ತಡೆಯುತ್ತದೆ. ಡ್ರೈ ರನ್ ನಡೆಯುವುದು ಪರೀಕ್ಷೆಗೆಂದೇ ಇರುವ ಬೇರೆ ಸರ್ವರಿನಲ್ಲಿ. ಅದು ಯಶಸ್ವಿಯಾದ ಮೇಲೆ ನವೀಕರಿಸಿ, ವೆಬ್ ಸರ್ವರನ್ನು ರೀಲೋಡ್ ಮಾಡಿರಿ. ಹೊಸ ಪ್ರಮಾಣಪತ್ರ ಬಂದಿದ್ದರೂ ರೀಲೋಡ್ ಆಗದೆ ಹಳೆಯದೇ ಕಾಣಿಸಿಕೊಳ್ಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಉಚಿತದ್ದರ ಗೂಢಲಿಪೀಕರಣ ಹಣ ಕೊಟ್ಟದ್ದಕ್ಕಿಂತ ಒಂದಿಷ್ಟೂ ಕಡಿಮೆಯಲ್ಲ. ಕೆಲವು ದುಬಾರಿ ಪ್ರಮಾಣಪತ್ರಗಳಲ್ಲಿ ಸಂಸ್ಥೆಯ ಗುರುತನ್ನೂ ಪರಿಶೀಲಿಸುತ್ತಾರೆ, ಅಷ್ಟೇ. 2029ರ ಮಾರ್ಚ್ 15ರಿಂದ ಬ್ರೌಸರುಗಳು ನಂಬುವ ಯಾವ ಹೊಸ ಪ್ರಮಾಣಪತ್ರವೂ 47 ದಿನ ಮೀರುವಂತಿಲ್ಲವಾದ್ದರಿಂದ, ಕೊಂಡವರಿಗೂ ಸ್ವಯಂ ನವೀಕರಣ ತಪ್ಪಿದ್ದಲ್ಲ.

ಮರುಪ್ರಶ್ನೆ: ಧನ್ಯವಾದ ಸರ್, 80 ತೆರೆದ ಕೂಡಲೇ ಸರಿಹೋಯಿತು. ಆದರೆ ಅದನ್ನು ಹೀಗೆಯೇ ಬಿಟ್ಟರೆ ಅಪಾಯವಿಲ್ಲವೇ?

ಉತ್ತರ: ಅಲ್ಲಿಗೆ ಬಂದವರನ್ನು ಎಚ್‌ಟಿಟಿಪಿಎಸ್‌ಗೆ (443ರ ಸುರಕ್ಷಿತ ಸಂಪರ್ಕಕ್ಕೆ) ಕಳುಹಿಸುವ ವ್ಯವಸ್ಥೆಯಿಟ್ಟು ತೆರೆದೇ ಇಡಿರಿ, ಪರಿಶೀಲನೆಯೂ ಆ ದಾರಿಯನ್ನೇ ಹಿಡಿದು ಹೋಗಬಲ್ಲದು. ತೆರೆಯಲು ಆಗದೇ ಇದ್ದಲ್ಲಿ, ಡೊಮೇನಿನ ಡಿಎನ್‌ಎಸ್‌ನಲ್ಲಿ (ಸೈಟಿನ ಹೆಸರಿನ ವಿವರಗಳಿರುವ ಇಂಟರ್‌ನೆಟ್ ದಾಖಲೆ ಪಟ್ಟಿ) ಒಂದು ಟಿಎಕ್ಸ್‌ಟಿ, ಅಂದರೆ ಪಠ್ಯ, ದಾಖಲೆ ಸೇರಿಸಿಯೂ ಒಡೆತನವನ್ನು ತೋರಿಸಬಹುದು.